ಈರುಳ್ಳಿ ಹೂವೂ ಹೂವೇ: ಕುಂಡದಲ್ಲಿ ಬೆಳೆಸೋಣ, ಗುರುತು ಹಿಡಿದು ಬೆಳೆಸೋಣ



ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ಒಂದು ವಠಾರದಲ್ಲಿ ಸ್ವಸಹಾಯ ಸಂಘದ ಸಭೆ ನಡೆಯುತ್ತಿತ್ತು. ಉಳಿತಾಯದ ಲೆಕ್ಕ ಮುಗಿದು ಪುಸ್ತಕಕ್ಕೆ ಸಹಿ ಹಾಕಿಸುವ ಹೊತ್ತಿಗೆ ಒಬ್ಬ ಸದಸ್ಯೆ ಪೇಂಟ್ ಡಬ್ಬವೊಂದನ್ನು ತಂದು ನಡುವೆ ಇಟ್ಟರು. ಅದರಲ್ಲಿ ಹಸಿರು ಹಸಿರಾದ ನಾಲ್ಕು ಗಿಡ. "ಸಿಸ್ಟರ್, ಈರುಳ್ಳಿ ಹಾಕಿದೀನಿ ನೋಡಿ, ಎಷ್ಟು ಚೆನ್ನಾಗಿ ಬಂದಿದೆ" ಅಂದರು. ಅವರು ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುವ ಕಡೆ ಹೂವಿನ ಪಾತಿ ಬದಲಾಯಿಸುವಾಗ ಕಿತ್ತು ಎಸೆದಿದ್ದ ಗಡ್ಡೆಗಳವು. ಕೆಂಪು ಸಿಪ್ಪೆ, ಒಳಗೆ ಪದರ ಪದರ. ಯಾರಾದರೂ ಈರುಳ್ಳಿ ಅಂತಲೇ ಅಂದುಕೊಳ್ಳಬೇಕು.

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎಲೆಯ ತುದಿ ಚಿವುಟಿ ಮೂಸಿದರು. "ಇದಕ್ಕೆ ವಾಸನೇನೇ ಇಲ್ವಲ್ಲಮ್ಮ?"

ನಮಗೆ ಎದೆ ಧಸಕ್ ಎಂದಿತು. ವಿಚಾರಿಸಿದರೆ, ಹಿಂದಿನ ಭಾನುವಾರ ಮನೆಯಲ್ಲಿ ಈರುಳ್ಳಿ ಸಾಲದೆ ಅದೇ ಗಿಡದ ಎರಡು ಎಲೆ ಹೆಚ್ಚಿ ಉಪ್ಪಿಟ್ಟಿಗೆ ಹಾಕಿದ್ದರಂತೆ. ಮಗಳು ರಾತ್ರಿಯೆಲ್ಲಾ ವಾಂತಿ ಮಾಡಿಕೊಂಡಿದ್ದಳು. ಸಾಯಂಕಾಲ ತಳ್ಳುಗಾಡಿಯಲ್ಲಿ ಬೋಂಡಾ ತಿಂದದ್ದಕ್ಕೇ ಹೀಗಾಯಿತು ಅಂತ ಮಗುವಿಗೆ ಬೈಗುಳವೂ ಬಿದ್ದಿತ್ತು. ಆ ಗಿಡ ಈರುಳ್ಳಿಯಲ್ಲ, ಮಳೆ ಲಿಲ್ಲಿ. ಹೂವು ಚೆಂದ, ಹೊಟ್ಟೆಗೆ ವಿಷ. ಮಗು ಮಾರನೆಯ ದಿನ ಚೇತರಿಸಿಕೊಂಡಳು. ಬೋಂಡಾದವನ ಮೇಲಿನ ಆರೋಪವೂ ಆ ದಿನವೇ ಬಿಟ್ಟುಹೋಯಿತು.

ಈ ಸಲದ ಪಾಠ ಅಲ್ಲಿಂದ ಹುಟ್ಟಿದ್ದು. ಉಳ್ಳಿ ಜಾತಿಯ ಗಿಡಗಳನ್ನು ಹೂವಿಗಾಗಿ ಬೆಳೆಸುವುದು ಹೇಗೆ, ಅವುಗಳಂತೆಯೇ ಕಾಣುವ ಬೇರೆ ಗಿಡಗಳಿಂದ ಅವನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ ಎಂಬ ಎರಡನ್ನೂ ಸೇರಿಸಿಯೇ ಹೇಳಬೇಕೆಂದು ನಮಗನಿಸಿತು. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಟ್ಟರೆ ಅರ್ಧ ಪಾಠವಾಗುತ್ತದೆ.

ಹಂಡೆಯಲ್ಲಿ ವಿಷ

ಗುರುತು ತಪ್ಪುವುದು ಇಂದಿನ ಕಥೆಯಲ್ಲ. ಪವಿತ್ರ ಗ್ರಂಥದಲ್ಲಿ ಅರಸುಗಳ ಎರಡನೆಯ ಗ್ರಂಥದ 4ನೇ ಅಧ್ಯಾಯವನ್ನು ತೆರೆದು ನೋಡಿ. ಬರಗಾಲ. ಪ್ರವಾದಿ ಎಲೀಷನ ಶಿಷ್ಯರಿಗೆ ಅಡುಗೆ ಮಾಡಲು ಒಬ್ಬಾತ ಸೊಪ್ಪು ಹುಡುಕಲು ಹೊಲಕ್ಕೆ ಹೋಗುತ್ತಾನೆ. ಕಾಡುಬಳ್ಳಿಯ ಕಾಯಿಗಳನ್ನು ಮಡಿಲ ತುಂಬ ತಂದು, ಅದೇನೆಂದು ತಿಳಿಯದೆಯೇ ಹೆಚ್ಚಿ ಹಂಡೆಗೆ ಹಾಕುತ್ತಾನೆ. ಬಾಯಿಗಿಟ್ಟವರು ಸಾವು ಬಂತೆಂದು ಕೂಗಿಕೊಳ್ಳುತ್ತಾರೆ. ಅಲ್ಲಿ ಪ್ರವಾದಿಯಿದ್ದರು, ಹಿಟ್ಟು ಹಾಕಿಸಿ ಉಳಿಸಿದರು. ನಮ್ಮ ವಠಾರಗಳಲ್ಲಿ ಪ್ರವಾದಿಗಳಿಲ್ಲ, ಗಿಡ ಗೊತ್ತಿರುವ ಅಜ್ಜಿಯರಿದ್ದಾರೆ. ಅವರೂ ಊರು ಬಿಟ್ಟು ಬಂದವರು, ಇಲ್ಲಿಯ ಕಂಪನಿ ತೋಟಗಳಲ್ಲಿ ನೆಡುವ ಹೊರನಾಡಿನ ಗಿಡಗಳು ಅವರಿಗೂ ಹೊಸವು.

ಓದು ಬರಹ ಬಲ್ಲ ದೇಶಗಳಲ್ಲೂ ಇದು ನಡೆದಿದೆ. 2009ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಶಾಲಾ ತೋಟದ ತರಕಾರಿಯಿಂದ ಸೂಪು ಮಾಡುವಾಗ ಈರುಳ್ಳಿಯೆಂದು ಡ್ಯಾಫೊಡಿಲ್ ಹೂವಿನ ಗಡ್ಡೆಯೊಂದು ಸೇರಿಹೋಗಿ ಹಲವು ಮಕ್ಕಳು ಅಸ್ವಸ್ಥರಾದರು. 2015ರಲ್ಲಿ ಆ ದೇಶದ ಆರೋಗ್ಯ ಇಲಾಖೆಯವರು ದೊಡ್ಡ ಅಂಗಡಿಗಳಿಗೆ ಪತ್ರ ಬರೆದು, ಡ್ಯಾಫೊಡಿಲ್ ಗಿಡ, ಗಡ್ಡೆಗಳನ್ನು ತರಕಾರಿಯ ಪಕ್ಕದಲ್ಲಿ ಇಡಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ಆದ್ದರಿಂದ ನಮ್ಮ ಸದಸ್ಯೆ ನಾಚಿಕೊಳ್ಳುವ ಅಗತ್ಯವಿಲ್ಲ.

ಉಳ್ಳಿ ಜಾತಿ ಎಂದರೆ ಯಾವುದು?

ಈರುಳ್ಳಿ, ಬೆಳ್ಳುಳ್ಳಿ ಎರಡರ ಹೆಸರಿನಲ್ಲೂ 'ಉಳ್ಳಿ' ಇದೆ ನೋಡಿ. ಉತ್ತರ ಕರ್ನಾಟಕದಿಂದ ಬಂದ ನಮ್ಮ ಸದಸ್ಯರು ಉಳ್ಳಾಗಡ್ಡಿ ಅನ್ನುತ್ತಾರೆ, ಮಂಗಳೂರಿನವರು ನೀರುಳ್ಳಿ ಅನ್ನುತ್ತಾರೆ. ನಮ್ಮ ಹಿರಿಯರು ಇವನ್ನು ಒಂದೇ ಬಳಗವೆಂದು ಮೂಗಿನಿಂದಲೇ ಗುರುತಿಸಿದ್ದರು. ಸಸ್ಯಶಾಸ್ತ್ರಜ್ಞರು ಈ ಬಳಗಕ್ಕೆ ಅಲಿಯಮ್ ಎನ್ನುತ್ತಾರೆ. ಲೋಕದಲ್ಲಿ ಇದರ 900ಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ಮಧ್ಯ ಏಷ್ಯಾ, ಇರಾನ್, ಟರ್ಕಿ ಕಡೆಯ ಒಣ ಬೆಟ್ಟಗಳವು. ಈಜಿಪ್ಟಿನಿಂದ ಹೊರಟ ಇಸ್ರಯೇಲರು ಮರುಭೂಮಿಯಲ್ಲಿ ಏನನ್ನು ನೆನೆದು ಕೊರಗಿದರು ಎಂಬುದು ಸಂಖ್ಯಾಕಾಂಡದ 11ನೇ ಅಧ್ಯಾಯದಲ್ಲಿದೆ. ಆ ಪಟ್ಟಿಯಲ್ಲಿ ಈ ಬಳಗದ್ದೇ ಮೂರು ಗಿಡಗಳಿವೆ!

ಕ್ಯಾಲೆಂಡರುಗಳಲ್ಲಿ, ದೊಡ್ಡ ಕಂಪನಿಗಳ ಸ್ವಾಗತ ಕೊಠಡಿಯ ಚಿತ್ರಗಳಲ್ಲಿ ಉದ್ದನೆಯ ದಂಟಿನ ಮೇಲೆ ನೇರಳೆ ಬಣ್ಣದ ಚೆಂಡಿನಂಥ ಹೂವು ನೋಡಿರುತ್ತೀರಿ. ಅದು ಅಲಂಕಾರದ ಅಲಿಯಮ್. ಅದರ ಗಡ್ಡೆ ಹಾಲೆಂಡಿನಿಂದ ಲೋಕಕ್ಕೆಲ್ಲ ಹೋಗುತ್ತದೆ. ನಮಗೂ ಬೇಕು ಅನ್ನಿಸುವುದು ಸಹಜ. ಆದರೆ ಅದು ಹೂ ಬಿಡಬೇಕಾದರೆ ನೆಲದೊಳಗಿನ ಗಡ್ಡೆಗೆ ವಾರಗಟ್ಟಲೆ ಕೊರೆಯುವ ಚಳಿ ತಗಲಬೇಕು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ, ಒಂದು ದಿನ. ಈಗ ಜನವರಿಯ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ಆ ಗಡ್ಡೆಗೆ ಇದು ಚಳಿಯೇ ಅಲ್ಲ. ಎಲೆ ಬರುತ್ತೆ, ಬಾಡುತ್ತೆ, ಗಡ್ಡೆ ಕೊಳೆಯುತ್ತೆ. ಫ್ರಿಜ್‌ನಲ್ಲಿ ಎರಡು ಮೂರು ತಿಂಗಳು ಇಟ್ಟು ನೆಡುವವರಿದ್ದಾರೆ. ಅದು ಕಾಸು ಇರುವವರ ಹವ್ಯಾಸ.

ಮೊಬೈಲಿನಲ್ಲಿ ಈ ಹೂವಿನ ಬೀಜ ಅಂತ ಚಿತ್ರ ತೋರಿಸಿ ಮಾರುತ್ತಾರೆ. ನೀಲಿ, ಹಳದಿ, ಕಾಮನಬಿಲ್ಲಿನ ಬಣ್ಣದ ಚೆಂಡುಗಳೂ ಇವೆ! ಬೀಜದಿಂದ ಬೆಳೆದರೆ ಈ ದೊಡ್ಡ ಜಾತಿಗಳು ತಮ್ಮ ಊರಿನ ಹವೆಯಲ್ಲೇ ಹೂ ಬಿಡಲು ಮೂರು ನಾಲ್ಕು ವರ್ಷ ಬೇಕು. ನಮ್ಮಲ್ಲಿ ಬಾಡಿಗೆ ಮನೆಯೇ ಅಷ್ಟು ವರ್ಷ ಇರುವುದಿಲ್ಲ. ಇದಕ್ಕೆ ದುಡ್ಡು ಹಾಕಬೇಡಿ.

ನಮ್ಮ ಮಣ್ಣಿನ ಉಳ್ಳಿ

ಹಾಗಾದರೆ ನಮಗೇನು? ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆ ಬಂದು ಬಿದ್ದಿರುವ ಈರುಳ್ಳಿ!

ಈರುಳ್ಳಿ ಹೂವನ್ನು ನಿಂತು ನೋಡಿದವರು ನಮ್ಮಲ್ಲಿ ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಬಂದ ಸದಸ್ಯರಿಗೆ ಗೊತ್ತಿರುತ್ತೆ, ಬೀಜಕ್ಕೆಂದು ಬಿಟ್ಟ ಹೊಲ ದೂರದಿಂದ ಬಿಳಿ ಗುಂಡಿಗಳನ್ನು ಚುಚ್ಚಿಟ್ಟ ಹಾಗೆ ಕಾಣುತ್ತದೆ. ಒಂದೊಂದು ಗುಂಡಿಯಲ್ಲೂ ನೂರಾರು ಪುಟ್ಟ ಹೂಗಳು. ಒಂದು ಹೂವನ್ನು ಅಂಗೈ ಮೇಲಿಟ್ಟು ನೋಡಿದರೆ ಆರು ಬಿಳಿ ಎಸಳು, ಪ್ರತಿ ಎಸಳಿನ ನಡುವೆ ಒಂದು ಹಸಿರು ಗೆರೆ, ಆರು ಕೇಸರ. ಕೆಂಪು ಈರುಳ್ಳಿಗೆ ಕೆಂಪು ಹೂ ಬರುತ್ತದೆಂದು ಕೆಲವರು ತಿಳಿದಿದ್ದಾರೆ, ಹಾಗಿಲ್ಲ. ಗಡ್ಡೆ ಯಾವ ಬಣ್ಣವಿದ್ದರೂ ಹೂವು ಬಿಳಿಯೇ.

ಈ ಹೂವಿನಲ್ಲಿ ಮೊದಲು ಪರಾಗ ಉದುರುತ್ತದೆ, ಅದೇ ಹೂವಿನ ಶಲಾಕೆ ಪರಾಗ ಹಿಡಿಯಲು ಸಿದ್ಧವಾಗುವುದು ಆಮೇಲೆ. ಹಾಗಾಗಿ ಕಾಳು ಕಟ್ಟಲು ಜೇನುನೊಣ, ನೊಣಗಳು ಬೇಕೇ ಬೇಕು. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ನಡುವಿನ ತಾರಸಿಯಲ್ಲಿ ಒಂದು ಈರುಳ್ಳಿ ಹೂ ಅರಳಿದರೆ ಸಾಕು, ಎಲ್ಲಿಂದಲೋ ಜೇನು ಬರುತ್ತವೆ. ಪಕ್ಕದ ಕುಂಡದ ಹೀರೆ, ಕುಂಬಳಕ್ಕೂ ಅದರಿಂದ ಲಾಭ.

ನಮ್ಮ ಬೆಂಗಳೂರು ಸುತ್ತಮುತ್ತಲಿನ ಸ್ವಂತ ತಳಿ ಬೆಂಗಳೂರು ಗುಲಾಬಿ ಈರುಳ್ಳಿ. ಚಿಕ್ಕ ಗಡ್ಡೆ, ಚಪ್ಪಟೆ ತಳ, ಕಡು ಗುಲಾಬಿ ಬಣ್ಣ, ಘಾಟು ಜಾಸ್ತಿ. 2015ರಲ್ಲಿ ಇದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಬೆಳೆಯುವುದು ನಮ್ಮವರು, ತಿನ್ನುವುದು ಹೆಚ್ಚಾಗಿ ಮಲೇಷ್ಯಾ, ಸಿಂಗಪುರದವರು. 2019ರ ಸೆಪ್ಟೆಂಬರಿನಲ್ಲಿ ದೇಶದ ಈರುಳ್ಳಿ ರಫ್ತನ್ನೆಲ್ಲ ನಿಲ್ಲಿಸಿದಾಗ ಈ ರೈತರು ಕಂಗಾಲಾದರು, ಯಾಕೆಂದರೆ ಊರಿನ ಮಾರುಕಟ್ಟೆಯಲ್ಲಿ ಇದನ್ನು ಕೇಳುವವರಿಲ್ಲ. ಅಕ್ಟೋಬರ್ ಕೊನೆಗೆ ಇದೊಂದೇ ತಳಿಗೆ 9000 ಟನ್‌ವರೆಗೆ ಚೆನ್ನೈ ಬಂದರಿನಿಂದ ಕಳಿಸಲು ಅನುಮತಿ ಕೊಟ್ಟರು. ಪೀಣ್ಯದಿಂದ ಅಷ್ಟೇನೂ ದೂರವಿಲ್ಲದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದೇ ಬಗೆಯ ಸಣ್ಣ ಗಡ್ಡೆಯ 'ಅರ್ಕಾ ಬಿಂದು' ತಳಿ ಹೊರತಂದಿದ್ದಾರೆ. ಕುಂಡದಲ್ಲಿ ಹೂವಿಗೆ ಈ ಚಿಕ್ಕ ಗಡ್ಡೆಯವೇ ಅನುಕೂಲ. ಸಿಗದಿದ್ದರೆ ಅಂಗಡಿಯ ಯಾವ ಈರುಳ್ಳಿಯಾದರೂ ಆಗಬಹುದು.

ನೆಡುವ ಕ್ರಮ

ಈರುಳ್ಳಿಗೆ ಎರಡು ಹಂತದ ಬಾಳು. ಮೊದಲು ಬೀಜದಿಂದ ಗಡ್ಡೆ, ಆಮೇಲೆ ಗಡ್ಡೆಯಿಂದ ಹೂವು. ನಾವು ಗಡ್ಡೆಯಿಂದಲೇ ಶುರು ಮಾಡುವುದರಿಂದ ಅರ್ಧ ದಾರಿ ಆಗಲೇ ಕಳೆದಿರುತ್ತದೆ. ಹೂದಂಟು ಹೊರಡಲು ಸ್ವಲ್ಪ ತಂಪು ಬೇಕು, ನಮ್ಮ ಕ್ರಿಸ್ಮಸ್ ಹೊತ್ತಿನ ಚಳಿ ಇದಕ್ಕೆ ಸಾಕು. ಆದ್ದರಿಂದ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನೊಳಗೆ ನೆಡಬೇಕು. ಲೆಕ್ಕ ನೆನಪಿಡಲು ಸುಲಭ: ನವೆಂಬರ್ 2ರಂದು ಮೃತರ ಸ್ಮರಣೆಗೆ ಸಮಾಧಿಗಳನ್ನು ಶುಚಿ ಮಾಡುವ ವಾರವೇ ಈರುಳ್ಳಿ ನೆಡುವ ವಾರ. ಜನವರಿ, ಫೆಬ್ರವರಿಯಲ್ಲಿ ಹೂ ನೋಡಬಹುದು. ಬೇಸಿಗೆಯಲ್ಲಿ ನೆಟ್ಟರೆ ಎಲೆ ಸಿಗುತ್ತದೆ, ಹೂ ಬರುವುದು ಅಪರೂಪ.

ಹತ್ತು ಲೀಟರಿನ ಪೇಂಟ್ ಡಬ್ಬ ಅಥವಾ ಒಡೆದ ಬಕೆಟ್ ಸಾಕು. ತಳಕ್ಕೆ ಐದಾರು ತೂತು ಕಡ್ಡಾಯ, ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಪೇಂಟ್ ಡಬ್ಬವನ್ನು ಚೆನ್ನಾಗಿ ಉಜ್ಜಿ ತೊಳೆದಿರಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಮರಳು ಇಲ್ಲಾಂದ್ರೆ ತೆಂಗಿನ ನಾರಿನ ಪುಡಿ. ಹಸಿ ಸಗಣಿ ಹಾಕಬೇಡಿ. ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಒಳ್ಳೆಯದು.

ಗಟ್ಟಿಯಾದ, ಕೊಳೆಯದ, ಮೊಳಕೆ ಕಾಣಿಸುತ್ತಿರುವ ಗಡ್ಡೆ ಆರಿಸಿ. ಬೇರು ಕೆಳಗೆ, ಮೊಳಕೆ ಮೇಲೆ. ಮೂರರಲ್ಲಿ ಎರಡು ಪಾಲು ಮಣ್ಣೊಳಗೆ, ಕತ್ತು ಹೊರಗೆ. ಒಂದು ಡಬ್ಬಕ್ಕೆ ಮೂರು ಸಾಕು. ಆಸೆಗೆ ಆರು ಹಾಕಿದರೆ ಯಾವುದೂ ನೆಟ್ಟಗೆ ಬರುವುದಿಲ್ಲ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ವಠಾರದ ಓಣಿಯಲ್ಲಿ ಅಷ್ಟು ಬಿಸಿಲು ಇರೋದಿಲ್ಲ, ತಾರಸಿಗೆ ಒಯ್ಯಲು ಮಾಲೀಕರನ್ನು ಕೇಳಿಕೊಳ್ಳಿ. ತಾರಸಿ ಸೋರುತ್ತೆ ಅಂತ ಅವರು ಬೇಡವೆನ್ನುವುದೇ ಹೆಚ್ಚು. ಡಬ್ಬದ ಕೆಳಗೆ ಎರಡು ಇಟ್ಟಿಗೆ ಇಟ್ಟು ಎತ್ತರಿಸುತ್ತೇವೆ ಅಂತ ಹೇಳಿದರೆ ಕೆಲವರು ಒಪ್ಪುತ್ತಾರೆ, ನಮ್ಮ ಅನುಭವ.

ನೀರು: ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವವರು ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಹಾಕಬಹುದು. ಬಟ್ಟೆ ಒಗೆದ ಸೋಪಿನ ನೀರು ಬೇಡ. ಎಲೆಯ ಮೇಲೆ ಬೆಳ್ಳಿಯಂಥ ಗೀರು ಬಿದ್ದು ತುದಿ ಸುರುಟಿದರೆ ಥ್ರಿಪ್ಸ್ ನುಸಿ ಬಂದಿದೆ ಎಂದರ್ಥ. ಒಂದು ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಾಯಂಕಾಲ ಸಿಂಪಡಿಸಿ. ಹೂ ಅರಳಿದ ಮೇಲೆ ಏನನ್ನೂ ಸಿಂಪಡಿಸಬೇಡಿ, ಜೇನು ಬರುವ ಸಮಯ.

ಎಲೆಗಳ ನಡುವಿನಿಂದ ಒಂದು ದಂಟು ಮೇಲೇಳುತ್ತದೆ. ಅದರ ನಡುಭಾಗಕ್ಕಿಂತ ಸ್ವಲ್ಪ ಕೆಳಗೆ ಹೊಟ್ಟೆ ಉಬ್ಬಿದ ಹಾಗೆ ದಪ್ಪ, ಒಳಗೆ ಟೊಳ್ಳು. ತುದಿಯಲ್ಲಿ ಮೊಗ್ಗಿನ ಚೆಂಡನ್ನು ಬಿಳಿ ತೆಳು ಪೊರೆಯೊಂದು ಮುಚ್ಚಿರುತ್ತದೆ, ಈರುಳ್ಳಿ ಸಿಪ್ಪೆಯ ಹಾಗೇ. ಪೊರೆ ಒಡೆದು ಹೂಗಳು ಹೊರಬರುವುದನ್ನು ಮಕ್ಕಳಿಗೆ ತೋರಿಸಿ. ಗಾಳಿಗೆ ದಂಟು ಮುರಿಯುತ್ತದೆ, ಒಂದು ಕಡ್ಡಿ ಊರಿ ಸಡಿಲವಾಗಿ ಕಟ್ಟಿ. ಹೂವಿನ ಚೆಂಡು ವಾರಗಟ್ಟಲೆ ಇರುತ್ತದೆ. ಒಣಗಿ ಅಲ್ಲಲ್ಲಿ ಕಪ್ಪು ಕಾಳು ಇಣುಕಿದಾಗ ಕತ್ತರಿಸಿ ಕಾಗದದ ಮೇಲೆ ಹರಡಿ. ಈರುಳ್ಳಿ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ, ವರ್ಷದೊಳಗೆ ಬಿತ್ತಬೇಕು. ಹೂ ಬಿಟ್ಟ ಗಡ್ಡೆ ಅಡುಗೆಗೆ ಬಾರದು, ಅದರ ಸಾರವೆಲ್ಲ ದಂಟಿಗೆ ಹೋಗಿರುತ್ತದೆ.

ಈ ಹೂವನ್ನು ದೇವಾಲಯಕ್ಕೆ ತರಬಹುದೇ ಅಂತ ಒಬ್ಬರು ಕೇಳಿದರು. ಯಾಕಾಗಬಾರದು? ದಂಟನ್ನು ಜಜ್ಜದೆ ಚೂಪಾದ ಚಾಕುವಿನಿಂದ ಕತ್ತರಿಸಿ, ಹೂದಾನಿಯ ನೀರನ್ನು ದಿನಾ ಬದಲಾಯಿಸಿದರೆ ವಾಸನೆ ಅಷ್ಟಾಗಿ ಬರುವುದಿಲ್ಲ. ಸುಗಂಧರಾಜದ ಜೊತೆ ಇಟ್ಟರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಒಂದು ಧರ್ಮಕೇಂದ್ರದಲ್ಲಿ ಬಲಿಪೀಠದ ಮುಂದೆ ಹೀಗೆ ಇಟ್ಟಾಗ, ಪೂಜೆಯ ನಂತರ ಆ ಹೂವಿನ ಹೆಸರೇನು, ಯಾವ ಅಂಗಡಿಯದು ಎಂದು ಕೇಳಿದವರೇ ಹೆಚ್ಚು.

ಬಳಗದ ಇನ್ನೂ ಕೆಲವರು

ವೈಟ್‌ಫೀಲ್ಡ್, ಮಾರತ್ತಹಳ್ಳಿ ಕಡೆ ಕೆಲಸಕ್ಕೆ ಬಂದಿರುವ ಮಣಿಪುರದ ಯುವತಿಯರ ಕಿಟಕಿಯಲ್ಲಿ ಹುಲ್ಲಿನಂಥ ಚಪ್ಪಟೆ ಎಲೆಯ ಗಿಡ ಕಂಡರೆ ಕೇಳಿ ನೋಡಿ. ಬಹುಶಃ ಅವರು 'ಮರೋಯ್' ಅನ್ನುತ್ತಾರೆ. ಅವರ ಊರಿನ ಅಡುಗೆಗೆ ಇದು ಬೇಕೇ ಬೇಕು. ಇದರಲ್ಲಿ ಒಂದು ಬಗೆ ಗಾರ್ಲಿಕ್ ಚೈವ್ಸ್, ಶಾಸ್ತ್ರೀಯ ಹೆಸರು ಅಲಿಯಮ್ ಟ್ಯೂಬರೋಸಮ್. ಬೆಳ್ಳುಳ್ಳಿ ವಾಸನೆ, ನಕ್ಷತ್ರದಂಥ ಬಿಳಿ ಹೂಗಳ ಗೊಂಚಲು. ಕೊರೆಯುವ ಚಳಿಯಿಲ್ಲದೆಯೂ ಹೂ ಬಿಡುವುದರಿಂದ ನಮ್ಮ ಹವೆಗೆ ಅಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ಉಳ್ಳಿ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುತ್ತದೆ, ಬುಡ ದಟ್ಟವಾದಾಗ ಬಿಡಿಸಿ ನಾಲ್ಕು ಮನೆಗೆ ಹಂಚಬಹುದು. ನೇಪಾಳದಿಂದ ಬಂದ ಸೆಕ್ಯುರಿಟಿ ಅಣ್ಣಂದಿರು ಬೇಳೆಗೆ ಒಗ್ಗರಣೆ ಹಾಕುವ 'ಜಿಂಬು' ಎಂಬ ಒಣ ಎಲೆಯೂ ಹಿಮಾಲಯದ ಉಳ್ಳಿಯೇ. ಅದು ಇಲ್ಲಿ ಬೆಳೆಯದು, ಆದರೆ ಅವರನ್ನು ಮಾತಾಡಿಸಲು ಒಳ್ಳೆಯ ನೆಪ.

ನರ್ಸರಿಗಳಲ್ಲಿ ಸಿಗುವ ತಿಳಿ ನೇರಳೆ ಹೂವಿನ ಸೊಸೈಟಿ ಗಾರ್ಲಿಕ್ ದಕ್ಷಿಣ ಆಫ್ರಿಕಾದ್ದು. ಉಳ್ಳಿಯ ಹತ್ತಿರದ ನೆಂಟ, ವಾಸನೆಯೂ ಬೆಳ್ಳುಳ್ಳಿಯದೇ. ಚಿತ್ರದಲ್ಲಿನ ನೇರಳೆ ಅಲಿಯಮ್ ಬೇಕೆನ್ನುವವರು ಇದನ್ನು ಹೂವಿಗಾಗಿ ಇಟ್ಟುಕೊಳ್ಳಲಿ.

ವೇಷಧಾರಿಗಳು

ಈಗ ಮುಖ್ಯ ಮಾತು. ಮಳೆ ಲಿಲ್ಲಿ, ಸ್ಪೈಡರ್ ಲಿಲ್ಲಿ, ಕ್ರೈನಮ್ ಲಿಲ್ಲಿ, ಮೇ ತಿಂಗಳ ಫುಟ್‌ಬಾಲ್ ಲಿಲ್ಲಿ, ಇವೆಲ್ಲ ನಮ್ಮ ಲೇಔಟ್‌ಗಳ ಪಾರ್ಕು, ರಸ್ತೆ ವಿಭಜಕ, ಕಂಪನಿ ಆವರಣಗಳಲ್ಲಿ ಧಾರಾಳವಾಗಿ ಇರುವ ಗಿಡಗಳು. ವಿಚಿತ್ರವೆಂದರೆ ಇವು ಈರುಳ್ಳಿಗೆ ಪರಕೀಯವೇನಲ್ಲ. 2009ರಲ್ಲಿ ಸಸ್ಯಶಾಸ್ತ್ರಜ್ಞರು ವರ್ಗೀಕರಣವನ್ನು ತಿದ್ದಿದಾಗ ಈರುಳ್ಳಿಯನ್ನೂ ಇವುಗಳನ್ನೂ ಒಂದೇ ಕುಟುಂಬಕ್ಕೆ ಸೇರಿಸಿದರು. ದಾಯಾದಿಗಳು ಅನ್ನಿ. ಅದಕ್ಕೇ ಗಡ್ಡೆ ಒಂದೇ ಥರ, ಪದರ ಒಂದೇ ಥರ. ಆದರೆ ದಾಯಾದಿಗಳ ಗಡ್ಡೆಯಲ್ಲಿ ಲೈಕೊರಿನ್ ಮತ್ತು ಅಂಥದೇ ವಿಷವಸ್ತುಗಳಿವೆ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ. ಬೇಯಿಸಿದರೆ ವಿಷ ಹೋಗುತ್ತದೆಂದು ನಂಬಬೇಡಿ.

ಇವಲ್ಲದೆ ಬಂಡೆ, ಕುರುಚಲು ಜಾಗಗಳಲ್ಲಿ ತಾನಾಗಿ ಬೆಳೆಯುವ ಕಾಡು ಈರುಳ್ಳಿ ಎಂಬ ಗಡ್ಡೆಯಿದೆ. ಹೆಸರಿನಲ್ಲಿ ಈರುಳ್ಳಿಯಿದ್ದರೂ ಅದು ಈ ಕುಟುಂಬದ್ದೇ ಅಲ್ಲ. ಹಿಂದೆ ಔಷಧಕ್ಕೆ ಬಳಸುತ್ತಿದ್ದರು. ಅದರ ವಿಷ ನೇರ ಹೃದಯದ ಮೇಲೆ ಕೆಲಸ ಮಾಡುತ್ತದೆ, ಮುಟ್ಟಿದರೂ ಕೆಲವರಿಗೆ ಚರ್ಮ ತುರಿಸುತ್ತದೆ. ಮನೆಮದ್ದು ಅಂತ ಯಾರಾದರೂ ತಂದುಕೊಟ್ಟರೆ ಬೇಡವೆನ್ನಿ.

ಗುರುತಿಸುವುದು ಹೇಗೆ? ಗಡ್ಡೆ ಕತ್ತರಿಸಿ ಪದರ ನೋಡುವುದರಿಂದ ಪ್ರಯೋಜನವಿಲ್ಲ, ಎಲ್ಲದರಲ್ಲೂ ಪದರವಿರುತ್ತದೆ. ಮೊದಲು ಎಲೆಯನ್ನು ಅಡ್ಡ ಕತ್ತರಿಸಿ. ಈರುಳ್ಳಿ ಎಲೆ ಪೈಪಿನಂತೆ ಟೊಳ್ಳು. ಮಳೆ ಲಿಲ್ಲಿಯ ಎಲೆ, ಅದರಲ್ಲೂ ಬಿಳಿ ಹೂವಿನದು, ಹೊರಗಿನಿಂದ ಈರುಳ್ಳಿ ಎಳೆ ಎಲೆಯಂತೆ ಸಪೂರ ಇದ್ದರೂ ಒಳಗೆ ಗಟ್ಟಿ. ಸ್ಪೈಡರ್, ಕ್ರೈನಮ್, ಫುಟ್‌ಬಾಲ್ ಲಿಲ್ಲಿಗಳದು ಅಗಲವಾದ ಪಟ್ಟಿ. ಬೆಳ್ಳುಳ್ಳಿ, ಗಾರ್ಲಿಕ್ ಚೈವ್ಸ್‌ಗಳ ಎಲೆ ಮಾತ್ರ ಉಳ್ಳಿಯಾದರೂ ಚಪ್ಪಟೆ, ಇದು ನೆನಪಿರಲಿ.

ಎರಡನೆಯದು ವಾಸನೆ. ಎಲೆಯನ್ನು ಜಜ್ಜಬೇಕು, ಸುಮ್ಮನೆ ಮೂಸಿದರೆ ಸಾಲದು. ಉಳ್ಳಿಯ ಘಾಟು ಗಂಧಕದ ಅಂಶದಿಂದ ಬರುವಂಥದ್ದು, ಜೀವಕೋಶ ಒಡೆದಾಗಲೇ ಅದು ಹುಟ್ಟುವುದು. ವಾಸನೆ ಇಲ್ಲದಿದ್ದರೆ ಅದು ಅಡುಗೆಗೆ ಇಲ್ಲ, ಮಾತು ಮುಗಿಯಿತು. ಆದರೆ ಇಲ್ಲೊಂದು ಮೋಸವಿದೆ. ಈಗಷ್ಟೇ ಈರುಳ್ಳಿ ಹೆಚ್ಚಿದ ಕೈಯಿಂದ ಯಾವ ಎಲೆ ಜಜ್ಜಿದರೂ ಈರುಳ್ಳಿ ವಾಸನೆಯೇ! ಕೈ ತೊಳೆದು, ಆದರೆ ಬೇರೆಯವರಿಂದಲೂ ಮೂಸಿಸಿ. ಇನ್ನೊಂದು ಮೋಸ, ವಾಸನೆ ಇದ್ದದ್ದೆಲ್ಲ ಉಳ್ಳಿಯಲ್ಲ. ಕಾಂಪೌಂಡ್ ಗೋಡೆ ತುಂಬ ನೇರಳೆ ಹೂ ಬಿಡುವ ಬೆಳ್ಳುಳ್ಳಿ ಬಳ್ಳಿ ಇದೆಯಲ್ಲ, ಅದರ ಎಲೆ ಜಜ್ಜಿದರೂ ಬೆಳ್ಳುಳ್ಳಿ ವಾಸನೆ. ಅದು ದಕ್ಷಿಣ ಅಮೆರಿಕದ ಬಳ್ಳಿ, ಗಡ್ಡೆಯೇ ಇಲ್ಲ. ಆದ್ದರಿಂದ ವಾಸನೆ ಮತ್ತು ಆಕಾರ ಎರಡೂ ಕೂಡಿ ಬರಬೇಕು.

ಮೂರನೆಯದು ಹೂವು. ಮಳೆ ಲಿಲ್ಲಿಗೆ ಒಂದು ದಂಟಿಗೆ ಒಂದೇ ಹೂ. ಸ್ಪೈಡರ್ ಲಿಲ್ಲಿಗೆ ಕೆಲವೇ ದೊಡ್ಡ ಹೂ, ನಡುವೆ ಬಿಳಿ ಬಟ್ಟಲು, ಸುತ್ತ ಜೇಡನ ಕಾಲಿನಂಥ ಎಸಳು. ಉಳ್ಳಿಗೆ ಒಂದೇ ತುದಿಯಿಂದ ಕೊಡೆ ಕಡ್ಡಿಯಂತೆ ಹೊರಟ ಹತ್ತಾರು, ನೂರಾರು ಪುಟ್ಟ ಹೂ. ಇಲ್ಲಿ ನಮ್ಮನ್ನು ಏಮಾರಿಸುವುದು ಫುಟ್‌ಬಾಲ್ ಲಿಲ್ಲಿ. ಮೊದಲ ಮಳೆ ಬಿದ್ದಾಗ ಏಪ್ರಿಲ್, ಮೇ ತಿಂಗಳಲ್ಲಿ ಬರಿನೆಲದಿಂದ ಕೆಂಪು ಚೆಂಡು ಎದ್ದು ನಿಲ್ಲುತ್ತದೆ, ಥೇಟ್ ಆ ಕ್ಯಾಲೆಂಡರಿನ ಅಲಿಯಮ್ ಹಾಗೆ. ಆದರೆ ಬಣ್ಣ ಕೆಂಪು, ಎಲೆ ಅಗಲ, ವಾಸನೆ ಇಲ್ಲ. ಕುಂಡದಲ್ಲಿ ಇಡಲು ಸೊಗಸಾದ ಹೂ. ಗಡ್ಡೆಯನ್ನು ಅಡುಗೆಮನೆಯ ಹತ್ತಿರಕ್ಕೂ ತರಬೇಡಿ.

ಹೂವಿಲ್ಲದ ಕಾಲದಲ್ಲಿ, ಎಲ್ಲಿಂದಲೋ ತಂದ ಗಡ್ಡೆಯನ್ನು ಎಷ್ಟೇ ನಂಬಿಕೆ ಇದ್ದರೂ ತಿನ್ನಬೇಡಿ. ತಿನ್ನುವ ಈರುಳ್ಳಿಯನ್ನು ತರಕಾರಿ ಅಂಗಡಿಯ ಗಡ್ಡೆಯಿಂದಲೇ ಬೆಳೆಸಿ. ಹೂವಿನ ಗಡ್ಡೆಗಳ ಕುಂಡವನ್ನು ಸೊಪ್ಪಿನ ಕುಂಡದಿಂದ ದೂರ, ಇನ್ನೊಂದು ಗೋಡೆಗೆ ಇಡಿ.

ಮಣ್ಣಿನ ಬಗ್ಗೆ ಒಂದು ಎಚ್ಚರಿಕೆ

ನಮ್ಮ ಪ್ರದೇಶಕ್ಕೆ ಇದು ವಿಶೇಷವಾಗಿ ಬೇಕು. ಪೀಣ್ಯದ ಕೆಲವು ಭಾಗಗಳ ಅಂತರ್ಜಲದಲ್ಲಿ ಲೋಹಕ್ಕೆ ಲೇಪ ಹಾಕುವ ಘಟಕಗಳ ತ್ಯಾಜ್ಯದಿಂದ ಬಂದ ಕ್ರೋಮಿಯಂ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದು, ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದ್ದು ಯಾರೂ ಮರೆತಿಲ್ಲ. ಕಾರ್ಖಾನೆ ಹಿಂದಿನ ಖಾಲಿ ಸೈಟಿನ ಮಣ್ಣು, ಆ ಕೆರೆಗಳ ಹೂಳು, ಬಣ್ಣ ಅಥವಾ ವಾಸನೆ ಇರುವ ಬೋರ್‌ವೆಲ್ ನೀರು, ಇವು ತಿನ್ನುವ ಗಿಡಕ್ಕೆ ಬೇಡ. ಮಣ್ಣು ಪುಕ್ಕಟೆ ಸಿಗುತ್ತದೆಂದು ತುಂಬಿಕೊಂಡು ಬರುವವರನ್ನು ನಾವು ನೋಡಿದ್ದೇವೆ. ಬೇರೆ ಮಣ್ಣು ಸಿಗದಿದ್ದರೆ ಅದರಲ್ಲಿ ಹೂವು ಮಾತ್ರ ಬೆಳೆಸಿ, ಈರುಳ್ಳಿಯನ್ನೇ ನೆಟ್ಟರೂ ಹೂ ನೋಡಿ ಬಿಡಿ, ಎಲೆ ಕೀಳಬೇಡಿ.

ನಾಯಿ, ಬೆಕ್ಕು ಸಾಕಿದವರಿಗೆ ಇನ್ನೊಂದು ಮಾತು. ನಮಗೆ ಆಹಾರವಾದ ಈರುಳ್ಳಿ, ಬೆಳ್ಳುಳ್ಳಿ ಅವುಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಕುಂಡ ಎತ್ತರದಲ್ಲಿರಲಿ.

ತಿಂದುಬಿಟ್ಟರೆ?

ಗೊತ್ತಿಲ್ಲದ ಗಡ್ಡೆ ಅಥವಾ ಎಲೆ ಹೊಟ್ಟೆಗೆ ಹೋಗಿದೆ ಎಂದು ತಿಳಿದರೆ ಬಾಯಿ ಮುಕ್ಕಳಿಸಿ ಉಗುಳಿಸಿ. ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ತಕ್ಷಣ ಆಸ್ಪತ್ರೆಗೆ ಹೋಗಿ, ಅಗತ್ಯವಿದ್ದರೆ 108ಕ್ಕೆ ಕರೆ ಮಾಡಿ. ಹೋಗುವಾಗ ಆ ಗಿಡವನ್ನು ಬೇರು ಸಮೇತ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಇದನ್ನೇ ಹೆಚ್ಚಿನವರು ಮರೆಯುತ್ತಾರೆ. ಗಿಡ ಕಣ್ಣೆದುರಿಗಿದ್ದರೆ ವೈದ್ಯರ ಅರ್ಧ ಕೆಲಸ ಹಗುರ. ಮಕ್ಕಳನ್ನು ಬೈಯಬೇಡಿ, ಬೈದರೆ ಏನು ತಿಂದರು, ಎಷ್ಟು ತಿಂದರು ಅಂತ ನಿಜ ಹೇಳುವುದಿಲ್ಲ.

ಸಂಘದ ಸಭೆಗೆ ಚಟುವಟಿಕೆ

ಪ್ರತಿಯೊಬ್ಬರೂ ತಮ್ಮ ಮನೆ, ಕೆಲಸದ ಜಾಗ, ಬೀದಿಯಿಂದ ಒಂದೊಂದು ಬಗೆಯ ಎಲೆ ತನ್ನಿ. ಎಲ್ಲವನ್ನೂ ಅಂಕಿ ಬರೆದ ಕಾಗದದ ಮೇಲೆ ಇಡಿ. ಒಬ್ಬೊಬ್ಬರಾಗಿ ಅಡ್ಡ ಕತ್ತರಿಸಿ, ಜಜ್ಜಿ, ಮೂಸಿ, ಯಾವುದು ಉಳ್ಳಿ ಯಾವುದು ಅಲ್ಲ ಎಂದು ಬರೆಯಿರಿ. ಒಂದೊಂದು ಎಲೆಯ ನಂತರ ಕೈ ತೊಳೆಯಲು ಬಕೆಟ್ ನೀರು ಇಟ್ಟುಕೊಳ್ಳಿ. ಯಾರೂ ರುಚಿ ನೋಡಬಾರದು. ಓದಲು ಬಾರದ ಹಿರಿಯರು ಈ ಪರೀಕ್ಷೆಯಲ್ಲಿ ಪಿಯುಸಿ ಮುಗಿಸಿದವರಿಗಿಂತ ಮುಂದಿರುವುದನ್ನು ನಾವು ಎರಡು ಮೂರು ಕಡೆ ನೋಡಿದ್ದೇವೆ.

ಮೊದಲು ಹೇಳಿದ ಆ ಸದಸ್ಯೆ ಮಳೆ ಲಿಲ್ಲಿಯನ್ನು ಎಸೆಯಲಿಲ್ಲ. ಡಬ್ಬದ ಮೇಲೆ ಮಗಳ ಕೈಯಿಂದ 'ಹೂವು ಮಾತ್ರ, ತಿನ್ನಬಾರದು' ಅಂತ ಬರೆಸಿ ಮೆಟ್ಟಿಲ ಬಳಿ ಇಟ್ಟಿದ್ದಾರೆ. ಈರುಳ್ಳಿಗೆ ಬೇರೆ ಡಬ್ಬ ಹುಡುಕುತ್ತಿದ್ದಾರೆ.

ಅಕ್ಟೋಬರ್ ತಿಂಗಳ ಮೂರನೇ ವಾರದ ಸಭೆಗೆ ಬರುವಾಗ ಮೊಳಕೆ ಬಂದ ಮೂರು ಈರುಳ್ಳಿ, ಒಂದು ಹಳೆಯ ಡಬ್ಬ ತನ್ನಿ. ತಳಕ್ಕೆ ತೂತು ಹಾಕಲು ಮೊಳೆ, ಸುತ್ತಿಗೆ ನಾವು ತರುತ್ತೇವೆ.